ದೀಪಸ್ತಂಭದ ವಾಕ್ಯ

ಮೂವತ್ತು ವರ್ಷಗಳ ಹಿಂದೆ ಮೇಷ್ಟರು ಇಂಗ್ಲಿಷಿನಲ್ಲಿ ಒಂದು ತಪ್ಪು ವಾಕ್ಯವನ್ನು ಬರೆದಿದ್ದರು. ತಮ್ಮ ಜೀವಮಾನದ ಸಾಧನೆ ಯಾವುದೆಂದು ಯಾರಾದರೂ ಕೇಳಿದರೆ ಅವರು ಅದನ್ನೇ ಹೇಳುತ್ತಿದ್ದರು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ತಪ್ಪು ಬರೆಯುವುದರಲ್ಲಿ ಯಾವ ಘನಕಾರ್ಯವಿದೆಯೆಂದು ನಗುವವರು ಆ ಕಸುಬಿನ ಒಳಹೊರಗು ಬಲ್ಲವರಲ್ಲ. ಉನ್ನತ ವ್ಯಾಸಂಗದ ಪ್ರವೇಶ ಪರೀಕ್ಷೆಯಲ್ಲಿ ‘ವಾಕ್ಯವನ್ನು ತಿದ್ದಿ’ ಎಂಬುದೊಂದು ಭಾಗ. ಅಲ್ಲಿ ಒಂದು ಇಂಗ್ಲಿಷ್ ವಾಕ್ಯವಿರುತ್ತದೆ. ಅದರ ಯಾವುದೋ ಒಂದು ತುಂಡಿನ ಕೆಳಗೆ ಗೆರೆ ಎಳೆದಿರುತ್ತದೆ. ಆ ಜಾಗದಲ್ಲಿ ಇಡಬಹುದಾದ ಐದು ತುಂಡುಗಳನ್ನು ಕೆಳಗೆ ಕೊಟ್ಟಿರುತ್ತದೆ. ಮೊದಲನೆಯದು ಇದ್ದದ್ದು ಇದ್ದ ಹಾಗೆ. ಅದೇ ಸರಿಯೋ, ಉಳಿದ ನಾಲ್ಕರಲ್ಲಿ ಒಂದು ಸರಿಯೋ, ಹುಡುಗರು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಬೇಕು. ಮುಖಕ್ಕೆ ರಾಚುವ ತಪ್ಪನ್ನು ಎಂಥ ಪೆದ್ದನೂ ಹಿಡಿದಾನು. ಕಿವಿಗೆ ಇಂಪಾಗಿ ಬುದ್ಧಿಗೆ ಮಾತ್ರ ಮುಳ್ಳಾಗುವಂಥ ತಪ್ಪನ್ನು ಹೆಣೆಯುವುದು, ಅದರ ಪಕ್ಕದಲ್ಲಿ ಅದಕ್ಕಿಂತ ಚೆಲುವಾದ ಇನ್ನಷ್ಟು ತಪ್ಪುಗಳನ್ನು ಕೂರಿಸುವುದು, ಅವುಗಳ ನಡುವೆ ಸರಿಯಾದುದನ್ನು ಒಡವೆಯಿಲ್ಲದ ಹುಡುಗಿಯಂತೆ ತಲೆತಗ್ಗಿಸಿ ನಿಲ್ಲಿಸುವುದು, ಇದು ಓದಿ ಬರುವ ವಿದ್ಯೆಯಲ್ಲ, ಬೆಂದು ಬರುವ ವಿದ್ಯೆ.

ಮೇಷ್ಟರು ಬೆಂದಿದ್ದರು. ಆಗ ಅವರಿಗಿದ್ದದ್ದು ಒಂದೇ ಕೋಣೆಯ ಬಾಡಿಗೆ ಮನೆ. ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಳೆಯ ಮಗಳನ್ನು ತೂಗುತ್ತ ಬರೆಯುತ್ತಿದ್ದರು. ಬರೆದದ್ದನ್ನು ಒಯ್ದರೆ, ಕಡ್ಡಿ ಮುರಿದಂತೆ ಮಾತನಾಡುವ ಆಗಿನ ಮುಖ್ಯ ಪರೀಕ್ಷಕರು ಓದಿ ಹಿಂದಕ್ಕೆ ಕೊಟ್ಟು “ಇನ್ನೊಮ್ಮೆ” ಎನ್ನುತ್ತಿದ್ದರು. ಬೇಸಿಗೆ ಕಳೆದು ಚಳಿ ಬಂತು, ತೊಟ್ಟಿಲಿನ ಮಗು ಎದ್ದು ಕೂರಲು ಕಲಿಯಿತು, ‘ಇನ್ನೊಮ್ಮೆ’ ನಿಲ್ಲಲಿಲ್ಲ. ಕೊನೆಗೊಂದು ದಿನ ಅವರು ಓದಿ, ಏನೂ ಹೇಳದೆ, ಹಾಳೆಯನ್ನು ಮೇಜಿನ ಖಾನೆಯೊಳಗೆ ಇಟ್ಟುಕೊಂಡರು. ಪರೀಕ್ಷೆ ಮುಗಿದು ಲೆಕ್ಕ ತೆಗೆದಾಗ, ಮೇಲಿನ ಸಾಲಿನವರೆಲ್ಲ ಆ ಪ್ರಶ್ನೆಯನ್ನು ಗೆದ್ದಿದ್ದರು, ಕೆಳಗಿನವರೆಲ್ಲ ಸೋತಿದ್ದರು. ನಡುವಿನವರು ಚಾಕುವಿನಿಂದ ಬೆಣ್ಣೆ ಕೊಯ್ದಂತೆ ಇಬ್ಭಾಗವಾಗಿದ್ದರು. ಉತ್ತರ ತಪ್ಪೆಂದು ಜಗಳಕ್ಕೆ ಬಂದವನು ಒಬ್ಬನೂ ಇರಲಿಲ್ಲ. “ಪ್ರಶ್ನೆ ಅಂದ್ರೆ ಇದು” ಎಂದು ಮುಖ್ಯ ಪರೀಕ್ಷಕರು ಇಡೀ ಮಂಡಳಿಯ ಎದುರಿಗೆ ಹೇಳಿದರು. ಆ ಮಾತನ್ನು ಮೇಷ್ಟರು ಇಂದಿಗೂ ಬಿರುದಿನಂತೆ ಧರಿಸಿಕೊಂಡು ತಿರುಗುತ್ತಿದ್ದರು.

ಆದರೆ ಆ ವಾಕ್ಯ ಯಾವುದೆಂದು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ. ಪ್ರಶ್ನೆಯನ್ನು ಹೊರಗೆ ಆಡಬಾರದೆಂದು ಪ್ರಮಾಣ ಮಾಡಿದವರು; ಪ್ರಮಾಣಕ್ಕೆ ವಯಸ್ಸಾಗುವುದಿಲ್ಲವೆಂದು ನಂಬಿದವರು.

“ನೋಡಮ್ಮ, ಹಸು ಬಣ್ಣಿಸ್ತಾರೆ, ಹಾಲು ಮಾತ್ರ ಕರೆಯಲ್ಲ” ಎಂದು ಗಣಿತದವರು ಈ ಸಲದ ಮೊದಲ ದಿನವೇ ಊಟದ ಮೇಜಿನಲ್ಲಿ ಹೊಸ ಹುಡುಗಿಗೆ ಎಚ್ಚರಿಕೆ ಕೊಟ್ಟಿದ್ದರು. ಗಣಿತದವರು ಪರೀಕ್ಷೆಯ ಲೆಕ್ಕಗಳನ್ನು ಬರೆಯುವವರು. ದೇಹ ದಪ್ಪ, ನಾಲಿಗೆ ಚೂಪು. “ಈ ಕಥೆ ನಾನು ಎಷ್ಟು ಸಲ ಕೇಳಿದೀನಿ ಅಂದ್ರೆ, ಆ ತೊಟ್ಟಿಲು ತೂಗಿ ತೂಗಿ ನನ್ನ ಕಾಲೇ ನೋಯ್ತಿದೆ.”

“ನಿನ್ನ ಕಾಲು ನೋಯೋದು ನಿನ್ನ ಹೊಟ್ಟೆ ಹೊತ್ತು ಕಣಯ್ಯ” ಎಂದಿದ್ದರು ಮೇಷ್ಟರು.

ಹೊಸ ಹುಡುಗಿ ಮುಗುಳ್ನಕ್ಕು ತಟ್ಟೆಯತ್ತ ನೋಡಿದ್ದಳು. ವಾಕ್ಯ ತಿದ್ದುವ ಭಾಗಕ್ಕೆ ಪ್ರಶ್ನೆ ಬರೆಯಲು ಅವಳು ಬಂದದ್ದು ಅದೇ ಮೊದಲು. ಅವಳ ಮನಸ್ಸು ಮೇಷ್ಟರ ತೊಟ್ಟಿಲಿನ ಹತ್ತಿರ ಇರಲಿಲ್ಲ. ತಾನು ಬರೆಯಬೇಕಾದ ವಾಕ್ಯಗಳ ಹತ್ತಿರ ಇತ್ತು.

ಅವರಿದ್ದ ಮನೆಯನ್ನು ಪರೀಕ್ಷಾ ಸಂಸ್ಥೆಯವರು ಅತಿಥಿಗೃಹ ಎನ್ನುತ್ತಿದ್ದರು. ಬರುವಾಗ ಬಾಗಿಲು ತೆರೆಯುವ, ಹೋಗುವಾಗ ತೆರೆಯದ ಅತಿಥಿಗೃಹ. ಪ್ರಶ್ನೆ ಬರೆಯಲು ಒಳಹೊಕ್ಕವರು ಪರೀಕ್ಷೆಯ ದಿನ ಎಲ್ಲ ಊರುಗಳಲ್ಲಿ ಕೊನೆಯ ಗಂಟೆ ಬಾರಿಸುವ ತನಕ ಹೊರಬರುವಂತಿರಲಿಲ್ಲ. ಕಿಟಕಿಯ ಗಾಜುಗಳಿಗೆ ಆಳೆತ್ತರಕ್ಕೂ ಮೇಲಿನವರೆಗೆ ಬಿಳಿ ಬಣ್ಣ ಬಳಿದಿದ್ದರು. ಬೆಳಕು ಬರುತ್ತಿತ್ತು, ಬೀದಿ ಬರುತ್ತಿರಲಿಲ್ಲ. ಬಚ್ಚಲಿನ ನೀರು ಹೋಗುವ ತೂಬಿಗೂ ಸಣ್ಣ ಕಣ್ಣಿನ ಜಾಲರಿ. ಗೀಚಿದ ಕಾಗದವನ್ನೆಲ್ಲ ಮಧ್ಯಾಹ್ನಕ್ಕೊಮ್ಮೆ ಹಿತ್ತಲಿನ ಕಬ್ಬಿಣದ ಪೀಪಾಯಿಯಲ್ಲಿ ಸುಡುತ್ತಿದ್ದರು. ನೆಲಮಾಳಿಗೆಯಲ್ಲಿ ಮುದ್ರಣಯಂತ್ರ. ಬೀದಿಯಲ್ಲಿ ಹೋಗುವ ವಾಹನಗಳ ಸದ್ದು ಒಳಗೆ ಬಂದಾಗ ಮೇಷ್ಟರಿಗೆ, ಯಾರದೋ ಮನೆಯ ಮಾತನ್ನು ಗೋಡೆಗೆ ಕಿವಿಯಿಟ್ಟು ಕೇಳಿದಂತೆ ನಾಚಿಕೆಯಾಗುತ್ತಿತ್ತು.

ಈ ಎಲ್ಲದರ ಒಡೆಯ ಮೇಲ್ವಿಚಾರಕ. ಸೊಂಟದ ಗೊಂಚಲು ಅವನಿಗಿಂತ ಮೊದಲೇ ಬಂದು ಅವನ ಬರವನ್ನು ಸಾರುತ್ತಿದ್ದುದರಿಂದ ಎಲ್ಲರೂ ಅವನನ್ನು ಕೀಲಿಕೈ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಒಳಗಿದ್ದವರ ಮನೆಗೆ ಸುದ್ದಿ ಮುಟ್ಟಿಸಬೇಕಾದರೆ ಅವನೇ ಗಾಜಿನ ಕೋಣೆಯಿಂದ ಫೋನ್ ಮಾಡುತ್ತಿದ್ದ. ಅದಕ್ಕೂ ಮಂಡಳಿ ಮೂರು ವಾಕ್ಯಗಳನ್ನು ಗೊತ್ತುಮಾಡಿತ್ತು. ‘ಕ್ಷೇಮವಾಗಿದ್ದೇನೆ’. ‘ನನ್ನ ಔಷಧಿ ಕಳುಹಿಸಿ’. ‘ಬರುವುದು ತಡವಾಗುತ್ತದೆ’. ಇವುಗಳಲ್ಲಿ ಒಂದನ್ನು ಆರಿಸಬೇಕು. ಒಂದು ಅಕ್ಷರ ಸೇರಿಸುವಂತಿಲ್ಲ, ಒಂದು ಅಕ್ಷರ ತೆಗೆಯುವಂತಿಲ್ಲ. ಗುಪ್ತ ಸಂಕೇತದಲ್ಲಿ ಪ್ರಶ್ನೆ ಹೊರಗೆ ಹೋದೀತೆಂಬ ಭಯ.

ವರ್ಷಗಟ್ಟಲೆ ಈ ಮನೆಗೆ ಬಂದು ಹೋದ ಮೇಷ್ಟರಿಗೆ ಇದಾವುದೂ ಹೊಸದಲ್ಲ. ಆದರೆ ಈ ಸಲ ಮಾತ್ರ ಅವರಿಗೆ ಬಿಳಿಗಾಜು ಉಸಿರುಕಟ್ಟಿಸುತ್ತಿತ್ತು. ಒಳಗೆ ಬರುವ ಹಿಂದಿನ ದಿನ ಮನೆಯಾಕೆ ಹೇಳಿದ ಮಾತು ಎದೆಯಲ್ಲಿ ಕುಳಿತಿತ್ತು.

“ಅವಳಿಗೆ ವರ್ಗ ಆಗಿದೆಯಂತೆ. ಹೋಗೋ ದಾರೀಲಿ ಭಾನುವಾರ ಸಂಜೆ ಇಲ್ಲಿ ಇಳೀತಾಳೆ. ಸೋಮವಾರ ಬೆಳಗ್ಗೆ ಮುಂದಿನ ಗಾಡಿ. ಒಂದು ರಾತ್ರಿ ಅಷ್ಟೇ.”

“ಬರಲಿ” ಎಂದಿದ್ದರು ಮೇಷ್ಟರು, ಕನ್ನಡಕ ಒರೆಸುತ್ತ.

“ಅಪ್ಪ ಮನೇಲಿರ್ತಾರಾ ಅಂತ ಕೇಳಿದ್ಳು.”

ಮೇಷ್ಟರ ಕೈ ನಿಂತಿತು. ಮಗಳು ಏಳು ವರ್ಷಗಳಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಅಪ್ಪನ ವಿಷಯ ಎತ್ತಿದವಳಲ್ಲ.

“ಇರ್ತಾರೆ ಅಂತ ಹೇಳು” ಎಂದರು. “ಭಾನುವಾರವೇ ಪರೀಕ್ಷೆ. ಮಧ್ಯಾಹ್ನಕ್ಕೆ ಬಾಗಿಲು ತೆಗೀತಾರೆ. ಸ್ಟೇಷನ್ನಿಗೆ ನಾನೇ ಹೋಗ್ತೀನಿ.”

ಮನೆಯಾಕೆ ಅವರ ಚೀಲಕ್ಕೆ ಇನ್ನೊಂದು ಜೊತೆ ಬಟ್ಟೆ ಮಡಿಸಿಟ್ಟರು.

ಮಗಳ ಮುನಿಸಿಗೆ ಕಾರಣವಿದ್ದದ್ದು ಮಂಡಳಿಯ ಒಂದು ನಿಯಮದಲ್ಲಿ. ಪ್ರಶ್ನೆ ಬರೆಯುವವರ ಮಕ್ಕಳು ಆ ಪರೀಕ್ಷೆಗೆ ಕೂರುವಂತಿಲ್ಲ. ತಂದೆ ಮಂಡಳಿ ಬಿಟ್ಟ ಮೇಲೂ ಒಂದು ವರ್ಷ ಕಾಯಬೇಕು. ಮಗಳು ಪದವಿ ಮುಗಿಸಿದ ವರ್ಷ ಮೇಷ್ಟರು ಮಂಡಳಿ ಬಿಡಬೇಕಿತ್ತು. “ಇದೊಂದು ವರ್ಷ ತಡಿ ಮಗಳೇ, ಪ್ರಶ್ನೆಪತ್ರಿಕೆ ಹಾಳಾಗುತ್ತೆ” ಎಂದರು. ಮರುವರ್ಷ ವಾಕ್ಯದ ಭಾಗಕ್ಕೆ ಅವರನ್ನೇ ಹಿರಿಯರನ್ನಾಗಿ ಮಾಡಿದರು. ಮತ್ತೆ “ಇದೊಂದು ವರ್ಷ” ಎಂದರು. ಮಗಳು ಕದ ಹಾಕಿಕೊಂಡು ಹಳೆಯ ಪತ್ರಿಕೆಗಳನ್ನು ಬಿಡಿಸುತ್ತಲೇ ಇದ್ದಳು. ಒಂದು ದಿನ ಕದ ತೆರೆದು ಬಂದು ಹೇಳಿದಳು: “ಊರಿನ ಮಕ್ಕಳಿಗೆಲ್ಲ ನಿಮ್ಮ ಪ್ರಶ್ನೆ ಸಿಗುತ್ತೆ ಅಪ್ಪ. ನನಗೊಬ್ಬಳಿಗೆ ಸಿಗಲ್ಲ.” ದೂರದ ಊರಿನಲ್ಲಿ ಬಟ್ಟೆಯ ಗೋದಾಮಿನ ಕಚೇರಿಯಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದಳು. ಪತ್ರಿಕೆ ಚೊಕ್ಕವಾಗಿ ಉಳಿಯಿತು. ಮೇಷ್ಟರು ಅದನ್ನೇ ಹಿಡಿದುಕೊಂಡರು.

ಆ ಬುಧವಾರದ ಬೆಳಿಗ್ಗೆ ಅವರ ಪಾಲಿಗೆ ಬಂದದ್ದು ಬಿಡಿಸುವ ಕೆಲಸ. ಹೊಸ ಹುಡುಗಿಯೂ, ಹಿಂದಿನ ವಾರ ಬೇರೆ ಕೋಣೆಗಳಲ್ಲಿ ಬರೆದವರೂ ಸೇರಿ ಸಿದ್ಧಪಡಿಸಿದ ವಾಕ್ಯಗಳನ್ನು ಉತ್ತರ ಕಾಣದ ಒಬ್ಬರು, ವಿದ್ಯಾರ್ಥಿಯಂತೆ ಗಡಿಯಾರದ ಎದುರು ಕೂತು ಬಿಡಿಸಬೇಕು. ಆಮೇಲೆ ‘ಪತ್ರಿಕೆ ನಿರ್ದೋಷ’ ಎಂದು ಸಹಿ ಹಾಕಬೇಕು. ಆ ಸಹಿ ಬೀಳದೆ ಯಂತ್ರ ತಿರುಗುವುದಿಲ್ಲ.

ಮೇಷ್ಟರು ಉತ್ತರ ದಿಕ್ಕಿನ ಕೋಣೆಯಲ್ಲಿ ಕುಳಿತರು. ಬಿಡಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಶಿಷ್ಯರಿಗೆ ಅವರು ಹೇಳಿಕೊಡುತ್ತಿದ್ದುದೂ ಅದನ್ನೇ: ಕಿವಿಯನ್ನು ನಂಬಬೇಡಿ, ಕಿವಿ ಲಂಚ ತಿನ್ನುತ್ತದೆ. ಉದ್ದನೆಯ ವಾಕ್ಯ ಬಂದರೆ ನಡುವಿನ ಸಡಗರವನ್ನೆಲ್ಲ ಹಾಸಿಗೆ ಸುತ್ತಿದಂತೆ ಸುತ್ತಿ ಪಕ್ಕಕ್ಕಿಡಿ. ಬರಿ ನೆಲದ ಮೇಲೆ ಕರ್ತೃವೂ ಕ್ರಿಯಾಪದವೂ ಮುಖ ನೋಡಿಕೊಳ್ಳಲಿ, ಸಂಬಂಧ ಉಂಟೋ ಇಲ್ಲವೋ ಆಗ ತಿಳಿಯುತ್ತದೆ. ‘ಅದು’, ‘ಅವರು’ ಎಂಬ ಪದಗಳು ಬಂದರೆ ಯಾರ ಮನೆಯವರೆಂದು ವಿಚಾರಿಸದೆ ಒಳಗೆ ಬಿಡಬೇಡಿ. ಮೂರು ಸಂಗತಿಗಳು ಸಾಲಾಗಿ ಬಂದರೆ ಮೂರೂ ಒಂದೇ ಉಡುಪಿನಲ್ಲಿವೆಯೇ ನೋಡಿ. ಮತ್ತೆ, ಇದ್ದ ಹಾಗೆಯೇ ಸರಿಯಾಗಿರುವ ವಾಕ್ಯವೂ ಇರುತ್ತದೆ. ತಿದ್ದುವ ಚಟಕ್ಕೆ ಬಿದ್ದು ಅದನ್ನು ಕೆಡಿಸಬೇಡಿ.

ಹೀಗೆ ಒಂದೊಂದನ್ನೇ ದಾಟುತ್ತ ಮೂವತ್ತೊಂದನೆಯ ಪ್ರಶ್ನೆಗೆ ಬಂದಾಗ ಒಂದು ಸೋಜಿಗ ನಡೆಯಿತು. ಅವರು ವಾಕ್ಯವನ್ನು ಇನ್ನೂ ಅರ್ಧ ಓದಿದ್ದರು. ಅಷ್ಟರಲ್ಲಿ ಅವರ ಕೈ ನಾಲ್ಕನೆಯ ಆಯ್ಕೆಗೆ ಗುರುತು ಹಾಕಿಬಿಟ್ಟಿತ್ತು.

ಮೇಷ್ಟರು ಕೈಯನ್ನು ನೋಡಿದರು. ಮನೆಗೆ ಬಂದ ಅಪರಿಚಿತನನ್ನು ಕಂಡು ಸಾಕುನಾಯಿ ಬಾಲ ಅಲ್ಲಾಡಿಸಿದರೆ ಯಜಮಾನ ನೋಡುವ ಹಾಗೆ ನೋಡಿದರು. ವಾಕ್ಯವನ್ನು ಮೊದಲಿನಿಂದ ಓದಿದರು. ಒಂದು ರೈಲ್ವೆ ಗೇಟು. ಅದನ್ನು ಕಾಯುವ ಮುದುಕ. ಮಂಜಿನಲ್ಲಿ ಅವನು ಹಿಡಿದ ಕೆಂಪು ದೀಪ. ಆ ದೀಪ ಕಂಡು ನಿಂತ ಗಾಡಿಗಳು. ಗೇಟನ್ನು ಅವರು ಎಂದೂ ಕಂಡಿರಲಿಲ್ಲ. ಆದರೆ ಆ ವಾಕ್ಯ ಉಸಿರು ತೆಗೆದುಕೊಳ್ಳುವ ಜಾಗ, ತಪ್ಪು ಅಡಗಿ ಕುಳಿತ ಮೂಲೆ, ಎರಡನೆಯ ಆಯ್ಕೆಯ ಥಳುಕು, ಐದನೆಯದರ ಗಾಂಭೀರ್ಯದ ನಟನೆ, ಎಲ್ಲವೂ ಅವರಿಗೆ ಸ್ವಂತ ಮನೆಯ ಮೆಟ್ಟಿಲುಗಳಷ್ಟು ಪರಿಚಿತ. ಗೇಟನ್ನು ತೆಗೆದು ದೀಪಸ್ತಂಭ ಇಟ್ಟರು. ಗಾಡಿಗಳನ್ನು ತೆಗೆದು ಹಡಗುಗಳನ್ನು ಇಟ್ಟರು. ಅಂಗಿ ಬೇರೆ, ಎಲುಬು ಅದೇ. ತೊಟ್ಟಿಲು ತೂಗುತ್ತ ಬರೆದ ವಾಕ್ಯ ಅವರ ಎದುರಿಗೆ ಎದ್ದು ಕುಳಿತಿತ್ತು.

ಅದನ್ನು ಈ ಸಲ ಬರೆದವಳು ಹೊಸ ಹುಡುಗಿಯೆಂದು ಅವರಿಗೆ ಗೊತ್ತಿತ್ತು. ರೈಲು ಗೇಟಿನ ಪ್ರಶ್ನೆ ಒಪ್ಪಿಗೆಯಾಯಿತೆಂದು ಅವಳು ಹಿಂದಿನ ದಿನವೆಲ್ಲ ನೆಲಕ್ಕೆ ಕಾಲು ತಾಗಿಸದೆ ಓಡಾಡಿದ್ದಳು. ಚಹಾದ ಬಿಡುವಿನಲ್ಲಿ ಹಿತ್ತಲಿನ ಕಟ್ಟೆಯ ಮೇಲೆ ಸಿಕ್ಕಳು.

“ಆ ರೈಲ್ವೆ ಗೇಟಿನದು ಹೇಗೆ ಹೊಳೀತಮ್ಮ ನಿನಗೆ?”

ಅವಳ ಮುಖ ಅರಳಿತು. “ಚೆನ್ನಾಗಿದೆಯಾ ಸಾರ್? ನಿಜ ಹೇಳ್ಬೇಕಂದ್ರೆ ನಂಗೇ ಗೊತ್ತಿಲ್ಲ. ಸ್ನಾನ ಮಾಡ್ತಿದ್ದೆ, ಪೂರ್ತಿ ವಾಕ್ಯ ಬಂದ್ಬಿಡ್ತು. ಆಯ್ಕೆಗಳೂ ಅಷ್ಟೇ. ಒದ್ದೆ ತಲೇಲೇ ಓಡಿ ಬಂದು ಬರ್ಕೊಂಡೆ. ಒಂದು ಕಾಟು ಹೊಡೀಲಿಲ್ಲ.”

“ಒಂದು ಕಾಟೂ ಇಲ್ಲ” ಎಂದು ಮೇಷ್ಟರು ಮೆಲ್ಲಗೆ ಹೇಳಿಕೊಂಡರು. ಆ ಕಾಟುಗಳನ್ನೆಲ್ಲ ಹೊಡೆದವರು ಯಾರೆಂದು ಅವರಿಗೆ ತಿಳಿದಿತ್ತು. “ಈ ಪರೀಕ್ಷೆ ನೀನೂ ಬರೆದಿದ್ಯಲ್ಲ?”

“ಮೂರು ಸಲ ಬರೆದೆ ಸಾರ್. ಮೂರು ವರ್ಷ ಕೋಚಿಂಗ್ ಕ್ಲಾಸಿನ ನೆಲಮಾಳಿಗೇಲೇ ಇದ್ದೆ. ದಿನಾ ಬೆಳಗ್ಗೆಯಿಂದ ಸಂಜೆವರೆಗೆ ವಾಕ್ಯ ತಿದ್ದೋದೇ. ಅಮ್ಮ ‘ಊಟಕ್ಕೆ ಬಾ’ ಅಂದ್ರೂ ಅದರಲ್ಲೂ ತಪ್ಪು ಹುಡುಕ್ತಿದ್ದೆ.” ನಕ್ಕಳು. “ಯಾಕೆ ಸಾರ್, ಏನಾದ್ರೂ ತಪ್ಪಿದೆಯಾ?”

“ತಪ್ಪು ಒಂದೂ ಇಲ್ಲ” ಎಂದು ಮೇಷ್ಟರು ಎದ್ದರು.

ಈಗ ಎಲ್ಲವೂ ತಿಳಿಯಿತು. ಪರೀಕ್ಷೆಯ ಹಾಲ್‌ನಿಂದ ಹೊರಬಂದ ಹುಡುಗರ ಬಾಯಿಂದ ಒಂದೊಂದು ತುಂಡು ಹೆಕ್ಕಿ, ಹೊಲಿದು, ಕೋಚಿಂಗ್ ಕ್ಲಾಸಿನವರು ಹಳೆಯ ಪ್ರಶ್ನೆಗಳನ್ನು ಬದುಕಿಸಿಟ್ಟುಕೊಳ್ಳುತ್ತಾರೆಂದು ಕೇಳಿದ್ದರು. ಅಂಗಡಿ ಪುಸ್ತಕಗಳೆಂದು ಹೀಗಳೆದು ಅವನ್ನು ಕೈಯಿಂದ ಮುಟ್ಟಿರಲಿಲ್ಲ. ಹುಡುಗಿ ಸಾವಿರಾರು ವಾಕ್ಯಗಳನ್ನು ನುಂಗಿದ್ದಳು. ನುಂಗಿದ್ದರಲ್ಲಿ ಒಂದು ಒಳಗೇ ಬೇರುಬಿಟ್ಟು, ತನ್ನದೇ ಕೂಸೆಂಬಂತೆ ಹೊರಬಂದಿತ್ತು. ಕದ್ದದ್ದಲ್ಲ, ಸುಳ್ಳಲ್ಲ. ಪ್ರಶ್ನೆಗಳ ನಡುವೆಯೇ ಬೆಳೆದು ಪ್ರಶ್ನೆ ಬರೆಯಲು ಬಂದವರಿಗೆ ಮಾತ್ರ ಒದಗುವ ಪ್ರಮಾದ.

ಹಾಗಾದರೆ ಮುಂದೇನು? ನಿಯಮ ಅವರಿಗೆ ಬಾಯಿಪಾಠ. ಹೊರಗೆ ಕಂಡ ಪ್ರಶ್ನೆ ಒಂದೇ ಒಂದು ಒಳಗೆ ನುಸುಳಿದರೂ ಆ ಭಾಗವನ್ನು ಇಡಿಯಾಗಿ ಸುಟ್ಟು ಹೊಸದಾಗಿ ಬರೆಯಬೇಕು. ಪರೀಕ್ಷೆ ಒಂದು ವಾರ ಮುಂದಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಬಾಗಿಲು ತೆರೆಯುವುದಿಲ್ಲ. ಭಾನುವಾರ ಸಂಜೆ ಗಾಡಿ ಬರುತ್ತದೆ. ಸೋಮವಾರ ಬೆಳಿಗ್ಗೆ ಗಾಡಿ ಹೋಗುತ್ತದೆ.

ಮೇಷ್ಟರು ಉತ್ತರದ ಕೋಣೆಯಲ್ಲಿ ಕೂತು ಬಿಳಿಗಾಜನ್ನು ನೋಡಿದರು. ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ? ಆಗಿನ ಮುಖ್ಯ ಪರೀಕ್ಷಕರು ತೀರಿಹೋಗಿದ್ದರು. ಆ ಪ್ರಶ್ನೆಯನ್ನು ಬಲ್ಲವರು ಈ ಮನೆಯಲ್ಲಿ ತಾವೊಬ್ಬರೇ. ಅದು ಗೊತ್ತಿದ್ದ ಹುಡುಗರಿಗೆ ಒಂದು ಅಂಕ ಹೆಚ್ಚು ಬಂದೀತು, ಅಷ್ಟೇ. ಆಕಾಶ ಕಳಚಿ ಬೀಳುವುದಿಲ್ಲ. ಇದ್ದದ್ದು ಇದ್ದ ಹಾಗೆ ಇರಲಿ. ಮೊದಲನೆಯ ಆಯ್ಕೆಯೂ ಎಷ್ಟೋ ಸಲ ಸರಿಯಾಗಿರುತ್ತದಲ್ಲ! ಅಲ್ಲದೆ, ಎದ್ದು ನಿಂತು ಕೂಗಬೇಕೆಂಬ ಈ ಚಡಪಡಿಕೆ ಎಲ್ಲಿಂದ ಬಂತು? ನ್ಯಾಯದಿಂದಲೋ, ‘ಅದು ನನ್ನದು’ ಎಂಬ ಹಮ್ಮಿನಿಂದಲೋ? ಹಮ್ಮೇ ಆಗಿದ್ದರೆ, ಅದಕ್ಕೆ ಈಗಾಗಲೇ ಒಂದು ಸಲ ಮಗಳನ್ನು ತೆತ್ತಾಗಿದೆ.

ಹೀಗೆ ಮನಸ್ಸನ್ನು ಒಂದು ದಡಕ್ಕೆ ತಂದು ಅವರು ಲೇಖನಿಯ ಮುಚ್ಚಳ ತೆಗೆದರು. ಆಗ ಹೊಳೆದ ಮಾತು ಅವರನ್ನು ಅಡಕತ್ತರಿಯಲ್ಲಿ ಸಿಕ್ಕಿಸಿತು. ಮಗಳನ್ನು ಆ ಪರೀಕ್ಷೆಯಿಂದ ಹೊರಗಿಟ್ಟದ್ದು ಯಾಕೆ? ಪತ್ರಿಕೆ ಚೊಕ್ಕವಾಗಿರಲಿ ಎಂದು. ಈಗ ಅವಳನ್ನು ಕಾಣುವುದಕ್ಕಾಗಿ ಚೊಕ್ಕವಲ್ಲದ ಪತ್ರಿಕೆಗೆ ಸಹಿ ಹಾಕಿದರೆ, ಕದ ಹಾಕಿಕೊಂಡು ಅವಳು ಕಳೆದ ವರ್ಷಗಳು ಯಾವ ದೇವರಿಗೆ ಅರ್ಪಿತವಾದವು? ಸ್ಟೇಷನ್ನಿನಲ್ಲಿ ಅವಳ ಕೈಯಿಂದ ಚೀಲ ಇಸಿದುಕೊಳ್ಳುತ್ತ ಯಾವ ಮುಖದಿಂದ ನಗುವುದು? ಸಹಿ ಹಾಕದಿದ್ದರೆ ಮಗಳಿಲ್ಲ. ಹಾಕಿದರೆ, ಮಗಳ ಎದುರು ನಿಲ್ಲುವ ತಂದೆಯೇ ಇಲ್ಲ. ಐದು ಆಯ್ಕೆಗಳನ್ನು ಕೊಟ್ಟು ಒಂದನ್ನೂ ಸರಿಯಿಡದ ಪ್ರಶ್ನೆಯನ್ನು ಮೇಷ್ಟರು ತಮ್ಮ ಆಯುಷ್ಯದಲ್ಲಿ ಯಾರಿಗೂ ಹಾಕಿರಲಿಲ್ಲ.

ಗೊಂಚಲಿನ ಸದ್ದು ಕೇಳಿಸಿತು. ಊಟದ ಮೇಜಿನ ಮೇಲೆ ಕೀಲಿಕೈ ಹಾಳೆಯನ್ನೂ ಅರಗಿನ ಕಡ್ಡಿಯನ್ನೂ ಇಟ್ಟ. ಗಣಿತದವರು ಆಗಲೇ ತಮ್ಮ ಭಾಗಕ್ಕೆ ಸಹಿ ಹಾಕಿ ಹಾಯಾಗಿ ಒರಗಿದ್ದರು. ಹೊಸ ಹುಡುಗಿ ಮೂಲೆಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

“ಇಲ್ಲೊಂದು ಸಹಿ, ಮೇಷ್ಟ್ರೇ. ಸಂಜೆಗೇ ಯಂತ್ರ ಶುರು ಮಾಡಿಸ್ತೀನಿ” ಎಂದ ಕೀಲಿಕೈ.

“ಹಾಕಿಬಿಡಿ, ಹಾಕಿಬಿಡಿ” ಎಂದರು ಗಣಿತದವರು. “ಭಾನುವಾರ ಮಗಳು ಬರ್ತಾಳೆ ಅಂತ ಈಗಿಂದಲೇ ಗಡ್ಡ ಬೋಳಿಸ್ಕೋತಿದ್ದಾರೆ ಮನುಷ್ಯ.”

ಮೇಷ್ಟರು ಲೇಖನಿಯನ್ನು ಹಾಳೆಯ ಮೇಲೆ ಅಡ್ಡ ಇಟ್ಟರು.

“ಸಹಿ ಹಾಕೋಕಾಗಲ್ಲ. ಮೂವತ್ತೊಂದನೇದು ಹಳೇ ಪ್ರಶ್ನೆ.”

ಹುಡುಗಿ ಎದ್ದು ನಿಂತಳು. “ಹಳೇದಾ? ಸಾರ್, ಅದು ನಂದು!”

“ನಿಂದಲ್ಲ ತಾಯಿ. ನಂದು.”

“ಇದೊಳ್ಳೆ ಕಥೆಯಾಯ್ತಲ್ಲ” ಎಂದರು ಗಣಿತದವರು. “ಚೆನ್ನಾಗಿರೋದೆಲ್ಲ ನಿಮ್ದೇನಾ ಮೇಷ್ಟ್ರೇ? ಮೊದಲನೇ ಸಲ ಬರೆದ ಮಗು ಅದು. ದೊಡ್ಡವರಾಗಿ ಬೆನ್ನು ತಟ್ಟೋದು ಬಿಟ್ಟು…”

“ನಾನು ಎಲ್ಲೂ ನೋಡಿ ಬರೆದಿಲ್ಲ!” ಹುಡುಗಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಬೇಕಾದ್ರೆ ನನ್ನ ಕೋಣೆ ಹುಡುಕಿ. ನೀವು ಹಿರಿಯರು ಅಂತ ಏನು ಬೇಕಾದ್ರೂ ಹೇಳ್ಬಹುದಾ?”

“ಆಧಾರ ಏನು ಮೇಷ್ಟ್ರೇ?” ಎಂದ ಕೀಲಿಕೈ, ಸಿಟ್ಟಿಲ್ಲದೆ. “ಸುಮ್ನೆ ಹೇಳಿದ್ರೆ ನಾನು ಸುಡೋಕಾಗಲ್ಲ.”

ಆಧಾರವೆಂದರೆ ಒಂದೇ ಇತ್ತು. ಮೇಷ್ಟರು ಕನ್ನಡಕ ತೆಗೆದು ಮಡಿಸಿಟ್ಟರು. ಮೂವತ್ತು ವರ್ಷ ಹೆಂಡತಿಗೂ ಹೇಳದ ವಾಕ್ಯವನ್ನು, ಇಂಗ್ಲಿಷಿನಲ್ಲಿ, ಎಲ್ಲಿಯೂ ತಡವರಿಸದೆ ಹೇಳತೊಡಗಿದರು. ದೀಪಸ್ತಂಭ, ಅದರ ಕಾವಲಿನ ಮುದುಕ, ಮಂಜು, ದಡ ಸೇರಿದ ಹಡಗುಗಳು. ವಾಕ್ಯ ಮುಗಿಸಿ ಮೊದಲನೆಯ ಆಯ್ಕೆ ಹೇಳಿದರು. ಎರಡನೆಯದು ಹೇಳಿದರು. ಮೂರನೆಯದನ್ನು ಅರ್ಧಕ್ಕೆ ತಂದಿದ್ದರು. ಅಷ್ಟರಲ್ಲಿ ಮೂಲೆಯಿಂದ ಇನ್ನೊಂದು ಧ್ವನಿ ಅವರ ಧ್ವನಿಯ ಜೊತೆಗೆ ಸೇರಿತು. ಹುಡುಗಿ, ಕಣ್ಣು ಎಲ್ಲಿಯೋ ನೆಟ್ಟು, ಬಾಯಿಪಾಠ ಒಪ್ಪಿಸುವ ಮಗುವಿನಂತೆ ಹೇಳುತ್ತಿದ್ದಳು. ಮೇಷ್ಟರು ನಿಲ್ಲಿಸಿದರು. ಅವಳು ನಿಲ್ಲಲಿಲ್ಲ. ನಾಲ್ಕನೆಯದನ್ನು ಹೇಳಿದಳು, ಐದನೆಯದನ್ನೂ ಹೇಳಿದಳು. ಒಂದು ಪದ ಆಚೀಚೆಯಾಗಲಿಲ್ಲ. ಹೇಳಿ ಮುಗಿಸಿ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ಗಣಿತದವರ ಕುರ್ಚಿ ಕಿರುಗುಟ್ಟಿತು.

“ಗೋಡೆ ಮೇಲೆ ಅಂಟಿಸಿದ್ರು” ಎಂದಳು ಅವಳು, ಬಾಯಿಯಿಂದ ಕೈ ತೆಗೆದು. “ನೆಲಮಾಳಿಗೇಲಿ, ನಾನು ಕೂರೋ ಬೆಂಚಿನ ಎದುರಿಗೆ. ಮೂರು ವರ್ಷ ಅದನ್ನೇ ನೋಡ್ಕೊಂಡು ಕೂತಿದ್ದೆ. ನಾನು ಕದ್ದಿಲ್ಲ ಸಾರ್.”

“ಗೊತ್ತು ಕಣಮ್ಮ. ಕದ್ದವರಿಗೆ ಕದ್ದದ್ದು ನೆನಪಿರುತ್ತೆ.” ಮೇಷ್ಟರು ಕೀಲಿಕೈಯತ್ತ ತಿರುಗಿದರು. “ಇವಳ ಮೇಲೆ ಏನೂ ಬರೀಬೇಡಪ್ಪ. ಬರೆದದ್ದು ಬಿಡಿಸಿದಾಗ ಸಿಕ್ಕಿತು, ಅಷ್ಟೇ. ಬಿಡಿಸೋದು ಅದಕ್ಕೇ ತಾನೆ ಇರೋದು.”

ಕೀಲಿಕೈ ತಲೆಯಾಡಿಸಿ ಅರಗಿನ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡ. “ಹಾಗಾದ್ರೆ ಒಂದು ವಾರ.”

“ಅಲ್ಲಯ್ಯ, ಅವರನ್ನಾದ್ರೂ ಬಿಟ್ಬಿಡು” ಎಂದರು ಗಣಿತದವರು. ಅವರ ಮಾತಿನಲ್ಲಿ ಈಗ ತಮಾಷೆಯ ಸುಳಿವಿರಲಿಲ್ಲ. “ಬಿಡಿಸಿ ಆಯ್ತಲ್ಲ. ಭಾನುವಾರ ಒಂದು ರಾತ್ರಿ ಹೋಗಿ ಬರಲಿ. ಬೇಕಾದ್ರೆ ನೀನೇ ಜೊತೇಲಿ ಹೋಗು.”

“ವಾಕ್ಯದ ಭಾಗ ಮಾತ್ರ ಸುಡೋದು ಸಾರ್. ನಿಮ್ಮ ಲೆಕ್ಕ ಹಾಗೇ ಉಳಿಯುತ್ತೆ. ಅದನ್ನ ಮೇಷ್ಟ್ರೂ ನೋಡಿದ್ದಾರೆ.”

“ನೋಡಿದ್ರೆ ಏನಾಯ್ತು? ಅವರಿಗೆ ಲೆಕ್ಕ ಬರಲ್ಲ!”

ನಿಯಮ ಸರಿಯಾಗಿತ್ತು, ಅದನ್ನು ಬರೆದ ಸಮಿತಿಯಲ್ಲಿ ಮೇಷ್ಟರೂ ಇದ್ದರು.

“ಮನೆಗೆ ಯಾವುದು ಹೇಳಲಿ?” ಎಂದು ಕೀಲಿಕೈ ಕೇಳಿದ. ಆಮೇಲೆ, ಕೇಳಬಾರದಿತ್ತೇನೋ ಎಂಬಂತೆ ಗೊಂಚಲನ್ನು ಕೈಯಲ್ಲಿ ಹಿಡಿದು ಸದ್ದಡಗಿಸಿದ.

“ಮೂರನೇದು.” ಮೇಷ್ಟರು ಸ್ವಲ್ಪ ತಡೆದರು. “ಕೊನೇಲಿ ‘ಮಗಳಿಗೆ’ ಅಂತ ಒಂದು ಮಾತು…”

ಕೀಲಿಕೈ ನೆಲ ನೋಡಿದ.

“ಬೇಡ ಬಿಡು. ಮೂರನೇದೇ ಸಾಕು.”

ಗಾಜಿನ ಕೋಣೆಯೊಳಗೆ ಅವನು ಫೋನ್ ಎತ್ತಿದ್ದನ್ನು ಅವರು ನಿಂತು ನೋಡಿದರು. ತುಟಿಗಳು ಅಲ್ಲಾಡಿದವು, ವಾಕ್ಯ ಎಷ್ಟು ಉದ್ದವಿತ್ತೋ ಅಷ್ಟೇ ಅಲ್ಲಾಡಿದವು. ಅವನು ಹೊರಬಂದ.

“ಹೇಳಿದೆ.”

“ಏನಂದ್ರು?”

“‘ಗೊತ್ತಿತ್ತು’ ಅಂದ್ರು.”

ಮಧ್ಯಾಹ್ನ ಹಿತ್ತಲಿನ ಪೀಪಾಯಿಯಲ್ಲಿ ಹಾಳೆಗಳು ಉರಿದವು. ಹೊಗೆ ಗೋಡೆಯನ್ನು ದಾಟಿ ಬೀದಿಯ ಕಡೆಗೆ ಹೋಯಿತು. ಆ ಮನೆಯಿಂದ ಅಪ್ಪಣೆಯಿಲ್ಲದೆ ಹೊರಗೆ ಹೋಗುತ್ತಿದ್ದದ್ದು ಅದೊಂದೇ. ಮೇಷ್ಟರು ಅದನ್ನು ನೋಡುತ್ತ ನಿಲ್ಲಲಿಲ್ಲ. ಒಳಗೆ ಬಂದು, ಹೊಸ ಹಾಳೆಗಳ ಕಟ್ಟು ಬಿಚ್ಚಿ, ಅರ್ಧವನ್ನು ಹುಡುಗಿಯ ಮುಂದಿಟ್ಟು ಅರ್ಧವನ್ನು ತಾವು ತೆಗೆದುಕೊಂಡು ಕುಳಿತರು. ತಪ್ಪುಗಳನ್ನು ಮತ್ತೆ ಮೊದಲಿನಿಂದ ಹೆಣೆಯಬೇಕಿತ್ತು.

ಹುಡುಗಿ ಬರೆಯಲಿಲ್ಲ. ಒಂದು ಸಾಲು ಬರೆದು, ಅದನ್ನು ಪೊಲೀಸಿನವನಂತೆ ದಿಟ್ಟಿಸಿ, ಹೊಡೆದುಹಾಕಿದಳು. ಇನ್ನೊಂದು ಬರೆದಳು; ಅದನ್ನೂ ಹೊಡೆದಳು. ಅವಳ ಹಾಳೆಯಲ್ಲಿ ಕಾಟುಗಳೇ ತುಂಬಿದವು.

“ಯಾವುದು ಬಂದ್ರೂ ಇದು ಯಾರದೋ ಅನ್ಸುತ್ತೆ ಸಾರ್” ಎಂದಳು. “ನನ್ನ ತಲೇಲಿ ನಂದು ಅಂತ ಒಂದು ವಾಕ್ಯನಾದ್ರೂ ಇದೆಯಾ ಅಂತಾನೇ ಗೊತ್ತಾಗ್ತಿಲ್ಲ.”

ಮೇಷ್ಟರು ಅವಳ ಹಾಳೆಯನ್ನು ಎಳೆದುಕೊಂಡು ಓದಿದರು. ಹಿಂದಕ್ಕೆ ಕೊಟ್ಟರು.

“ಇನ್ನೊಮ್ಮೆ” ಎಂದರು.

ಅವಳು ಹಾಳೆ ತೆಗೆದುಕೊಂಡಳು. ಆದರೆ ಲೇಖನಿ ಎತ್ತಿಕೊಳ್ಳಲಿಲ್ಲ. ಬಿಳಿಗಾಜಿನ ಆಚೆ ಯಾವುದೋ ವಾಹನ ನಿಂತು, ಯಾರನ್ನೋ ಹತ್ತಿಸಿಕೊಂಡು ಹೊರಟ ಸದ್ದು ಕೇಳಿಸಿತು. ಮೇಷ್ಟರು ಆ ಸದ್ದು ತೀರುವವರೆಗೆ ತಲೆ ಎತ್ತಿಕೊಂಡೇ ಇದ್ದುದನ್ನು ಹುಡುಗಿ ನೋಡಿದಳು.

“ಸಾರ್, ಮೊದಲನೇ ದಿನ ಊಟದ ಹೊತ್ತಲ್ಲಿ ಹೇಳಿದ್ರಲ್ಲ, ಆ ವಾಕ್ಯ ಬರೆದಿದ್ದು, ತೊಟ್ಟಿಲು, ಮಗು, ಅದೆಲ್ಲ.” ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಆವತ್ತು ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?”